ನಿಮ್ಮ ಸಿ.ಡಿ. ಡ್ರೈವ್ ನಿಜ ಹೇಳುತ್ತಿದೆಯೇ?



ಕಾರ್ಯಕ್ರಮ ಮುಗಿದ ಮೇಲೆ ಬರುವ ಫೋನುಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. “ಕನ್ನಡದ ಹಳೇ ಸಿ.ಡಿ.ಗಳು ಒಂದು ಡಬ್ಬಿ ತುಂಬ ಇವೆ. ಪ್ಲೇಯರ್ ಕೆಟ್ಟು ಹೋಗಿದೆ, ಹೊಸ ಲ್ಯಾಪ್‌ಟಾಪಿಗೆ ಡ್ರೈವೇ ಇಲ್ಲ. ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಳ್ಳೋದು ಹೆಂಗ್ರೀ?” ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಈ ಸಲ ಬರೆದೇ ಹೇಳುತ್ತಿದ್ದೇನೆ.

ಪುಣೆಯ ಕನ್ನಡ ಮನೆಗಳಲ್ಲಿ ಇಂಥ ಡಬ್ಬಿಗೆ ತೂಕ ಸ್ವಲ್ಪ ಹೆಚ್ಚೇ. ಗದಗ ಸೀಮೆಯಿಂದ ಬಂದು ಈ ಊರನ್ನೇ ಮನೆ ಮಾಡಿಕೊಂಡು, 2011ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದ ಪಂಡಿತ ಭೀಮಸೇನ ಜೋಶಿಯವರ ದಾಸರ ಪದಗಳು ಅದರಲ್ಲಿ ಇದ್ದೇ ಇರುತ್ತವೆ. ಅವು ಕಳೆದರೂ ಮತ್ತೆ ಸಿಕ್ಕಾವು ಎನ್ನಿ. ಆದರೆ ಅದೇ ಡಬ್ಬಿಯ ತಳದಲ್ಲಿ ಬೇರೆ ಸರಕು ಇರುತ್ತದೆ: ಹುಬ್ಬಳ್ಳಿಯ ಯಾವುದೋ ಅಂಗಡಿಯಲ್ಲಿ ಕೊಂಡ ನಾಟಕದ ಹಾಡುಗಳು, ಮಂಗಳೂರಿನಿಂದ ಬಂದ ತಾಳಮದ್ದಳೆ, ಊರ ಜಾತ್ರೆಯಲ್ಲಿ ಮಾರಿದ ತತ್ವಪದ. ಮಾಡಿದ ಕಂಪನಿ ಮುಚ್ಚಿದೆ, ಅಂತರಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಥದ್ದನ್ನು ಕಂಪ್ಯೂಟರಿಗೆ ಇಳಿಸುವಾಗ ಒಂದು ಸಲ ಸರಿಯಾಗಿ ಇಳಿಸಬೇಕು. ಹತ್ತು ವರ್ಷ ಬಿಟ್ಟು ಮತ್ತೆ ಇಳಿಸೋಣವೆಂದರೆ ಸಿ.ಡಿ. ಓದುತ್ತದೆ ಎನ್ನುವ ಭರವಸೆ ಇಲ್ಲ.

ಮೊದಲು ಡಬ್ಬಿಯನ್ನು ಎರಡು ಪಾಲು ಮಾಡಿ. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ತೆರೆದಾಗ ಎಂಪಿ3 ಕಡತಗಳು ಕಂಡರೆ, ಅದು ನೂರು ಹಾಡು ತುಂಬಿ ಮಾರುತ್ತಿದ್ದ ಎಂಪಿ3 ಸಿ.ಡಿ. ಅದನ್ನು ಹಾಗೇ ಕಾಪಿ ಮಾಡಿಕೊಂಡರೆ ಮುಗಿಯಿತು, ಈ ಲೇಖನ ಅದಕ್ಕೆ ಬೇಕಿಲ್ಲ. ಅದರ ಬದಲು ‘ಟ್ರ್ಯಾಕ್01’ ಎಂಬಂಥ ಹೆಸರಿನ, ಕೊನೆಯಲ್ಲಿ ‘ಸಿಡಿಎ’ ಎಂದಿರುವ ಪುಟಾಣಿ ಕಡತಗಳು ಕಂಡರೆ, ಅದು ಅಸಲಿ ಆಡಿಯೋ ಸಿ.ಡಿ. ಆ ಕಡತಗಳನ್ನು ಕಾಪಿ ಮಾಡಿ ಹಾಡು ಬಂತೆಂದು ಸಂತೋಷಪಡಬೇಡಿ. ಒಂದೊಂದೂ ಬರೀ 44 ಬೈಟ್. ಹಾಡು ಎಲ್ಲಿಂದ ಶುರು, ಎಷ್ಟು ಉದ್ದ ಎಂಬ ಚೀಟಿ ಅಷ್ಟೇ. ಹಾಡು ಸಿ.ಡಿ.ಯಲ್ಲೇ ಉಳಿದಿರುತ್ತದೆ!

ಹಾಗಾದರೆ ಹಾಡನ್ನು ಯಾಕೆ ಸೀದಾ ಕಾಪಿ ಮಾಡಲು ಬರುವುದಿಲ್ಲ? 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಅದನ್ನು ಕಂಪ್ಯೂಟರಿಗೆ ಹಾಕುವ ಯೋಚನೆ ಇರಲಿಲ್ಲ. ಪ್ಲೇಯರಿನಲ್ಲಿ ತಿರುಗಬೇಕು, ಹಾಡು ಬರಬೇಕು, ಅಷ್ಟೇ. ಒಂದು ಸೆಕೆಂಡ್ ಹಾಡಿನಲ್ಲಿ ಎಡಕ್ಕೂ ಬಲಕ್ಕೂ 44,100 ಮಾದರಿಗಳು, ಇಂಗ್ಲಿಷಿನಲ್ಲಿ ಸ್ಯಾಂಪಲ್ ಎನ್ನುತ್ತಾರಲ್ಲ, ಅವು. ಆ ಸೆಕೆಂಡನ್ನು 75 ತುಂಡು ಮಾಡಿದರೆ ಒಂದೊಂದು ತುಂಡಿನಲ್ಲಿ 588 ಮಾದರಿ, ಅಂದರೆ 2352 ಬೈಟ್. ಕಂಪ್ಯೂಟರ್ ಕಡತ ತುಂಬುವ ಸಿ.ಡಿ.ಯಲ್ಲೂ ತುಂಡಿನ ಅಳತೆ ಅಷ್ಟೇ, ಆದರೆ ಕಡತಕ್ಕೆ ಸಿಗುವುದು 2048 ಬೈಟ್ ಮಾತ್ರ. ಉಳಿದ ಜಾಗದಲ್ಲಿ ಆ ತುಂಡಿನ ವಿಳಾಸ ಮತ್ತು ತಪ್ಪು ತಿದ್ದುವ ಹೆಚ್ಚಿನ ಏರ್ಪಾಡು ಇರುತ್ತದೆ. ಆಡಿಯೋ ಸಿ.ಡಿ.ಯಲ್ಲಿ ಈ ಹೆಚ್ಚಿನ ಕಾವಲು ಇಲ್ಲ. ಇರುವುದು ಎರಡು ಹಂತದ ತಿದ್ದುಪಡಿ, ಸಿ1 ಮತ್ತು ಸಿ2. ಸಣ್ಣ ಗೀರುಗಳನ್ನು ಅದು ಪೂರ್ತಿ ಸರಿಪಡಿಸುತ್ತದೆ. ಅದರ ಕೈಮೀರಿದ ಗೀರು ಬಂದರೆ? ಅಲ್ಲೇ ಇರುವುದು ಸ್ವಾರಸ್ಯ.

ಹಳೆಯ ಓಲೆಗರಿಯನ್ನು ನಕಲು ಮಾಡುವವನ ಪಕ್ಕದಲ್ಲಿ ಒಬ್ಬ ಕುಳಿತು ಓದಿ ಹೇಳುತ್ತಿದ್ದಾನೆ ಎಂದುಕೊಳ್ಳಿ. ಗೆದ್ದಲು ತಿಂದ ಜಾಗ ಬಂದಾಗ ಆತ “ಇಲ್ಲಿ ಅಕ್ಷರ ಹೋಗಿದೆ” ಎನ್ನುವುದಿಲ್ಲ. ಹಿಂದಿನ ಮುಂದಿನ ಪದ ನೋಡಿ, ಹೊಂದುವ ಒಂದು ಪದವನ್ನು ತಾನೇ ಸೇರಿಸಿ ಓದಿಬಿಡುತ್ತಾನೆ. ಕೇಳಲು ಸುಗಮ. ಬರೆದುಕೊಳ್ಳುವವನಿಗೆ ಗೊತ್ತೇ ಆಗುವುದಿಲ್ಲ. ಸಿ.ಡಿ. ಪ್ಲೇಯರ್ ಮಾಡುವುದೂ ಇದನ್ನೇ. ಓದಲಾಗದ ಮಾದರಿಯ ಜಾಗದಲ್ಲಿ ಅಕ್ಕಪಕ್ಕದವುಗಳ ನಡುವಿನ ಒಂದು ಬೆಲೆಯನ್ನು ತುಂಬಿ ಮುಂದೆ ಸಾಗುತ್ತದೆ. ಹಾಡು ಕೇಳಲು ಕುಳಿತವರಿಗೆ ಇದು ಉಪಕಾರವೇ. ಆದರೆ ನಾವು ಮಾಡಲು ಹೊರಟಿರುವುದು ನಕಲು. ಸಾಧಾರಣ ಪ್ಲೇಯರ್ ತಂತ್ರಾಂಶಗಳು ಡ್ರೈವ್ ಓದಿ ಹೇಳಿದ್ದನ್ನು ಒಮ್ಮೆ ಕೇಳಿ ಬರೆದುಕೊಂಡು, “ಆಯಿತು” ಎಂದುಬಿಡುತ್ತವೆ.

ಇದಕ್ಕೆ ಗ್ರಂಥ ಸಂಪಾದಕರು ಕಂಡುಕೊಂಡ ಉಪಾಯ ಯಾವುದು? ಒಂದಕ್ಕಿಂತ ಹೆಚ್ಚು ಪ್ರತಿಗಳನ್ನು ಹೋಲಿಸಿ ನೋಡುವುದು. ನಮ್ಮ ಊರಿನ ಭಾಂಡಾರಕರ್ ಸಂಸ್ಥೆಯಲ್ಲಿ 1919ರಿಂದ 1966ರವರೆಗೆ ಮಹಾಭಾರತಕ್ಕೆ ಮಾಡಿದ್ದು ಇದೇ ಕೆಲಸ. (ಅಂದ ಹಾಗೆ, 1898ರಲ್ಲಿ ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಕೆ.ಬಿ. ಪಾಠಕರೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಬಿ.ಎ.ಯಲ್ಲಿ ಕನ್ನಡ ಓದಿದವಳಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.) ಸಿ.ಡಿ. ಲೋಕದಲ್ಲೂ ಇಂಥ ಹೋಲಿಕೆಯ ಭಂಡಾರವೊಂದಿದೆ, ಅದರ ಹೆಸರು ‘ಆಕ್ಯುರೇಟ್‌ರಿಪ್’. ಜಗತ್ತಿನ ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಡ್ರೈವ್‌ಗಳಲ್ಲಿ ಅದೇ ಸಿ.ಡಿ.ಯನ್ನು ಇಳಿಸಿಕೊಂಡವರ ಲೆಕ್ಕದ ಸಂಖ್ಯೆಗಳು ಅಲ್ಲಿ ಇರುತ್ತವೆ. ಹಾಡು ಇರುವುದಿಲ್ಲ, ಅದರಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ ಮಾತ್ರ. ನಿಮ್ಮ ಸಂಖ್ಯೆಯೂ ಅವರದೂ ಒಂದೇ ಆದರೆ ನಿಮ್ಮ ನಕಲು ಸರಿ.

ಮೈಕಲ್ ಜಾಕ್ಸನ್ನನ ಆಲ್ಬಂ ಹಾಕಿದರೆ ನೂರಾರು ಮಂದಿ “ಹೌದು, ಸರಿ” ಎಂದು ಸಾಕ್ಷಿ ಹೇಳುತ್ತಾರೆ. ನಿಮ್ಮ ತತ್ವಪದದ ಸಿ.ಡಿ. ಹಾಕಿದರೆ ಬರುವ ಉತ್ತರ: “ಈ ಸಿ.ಡಿ. ನಮ್ಮಲ್ಲಿ ಇಲ್ಲ.” ಅದನ್ನು ಈ ರೀತಿ ಇಳಿಸಿದ ಮೊದಲಿಗರು ನೀವೇ ಇರಬಹುದು. ಸಾಕ್ಷಿ ಹೇಳುವವರು ಯಾರೂ ಇಲ್ಲದ ಕಡೆ ಉಳಿಯುವುದು ಡ್ರೈವ್ ಒಂದೇ, ಅದರ ಮಾತು ನಂಬುವಂತೆ ಇರಬೇಕು. ಇಂಗ್ಲಿಷ್ ಸಿ.ಡಿ.ಗೆ ಸೆಟ್ಟಿಂಗ್ ಅಷ್ಟಿಷ್ಟು ತಪ್ಪಿದ್ದರೂ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತದೆ. ಕನ್ನಡದ ಸಿ.ಡಿ.ಗೆ ಹಾಗಲ್ಲ.

ಬೇಕಾದ ತಂತ್ರಾಂಶದ ಹೆಸರು ‘ಎಗ್ಸಾಕ್ಟ್ ಆಡಿಯೋ ಕಾಪಿ’, ಚಿಕ್ಕದಾಗಿ ಇಎಸಿ. ಜರ್ಮನಿಯ ಆಂಡ್ರೆ ವೀಥಾಫ್ ಎಂಬುವರು ಬರೆದದ್ದು. ಮನೆ ಬಳಕೆಗೆ ಉಚಿತ, ವಿಂಡೋಸ್‌ನಲ್ಲಿ ನಡೆಯುತ್ತದೆ. ಮ್ಯಾಕ್ ಇರುವವರು ‘ಎಕ್ಸ್‌ಎಲ್‌ಡಿ’, ಲಿನಕ್ಸ್ ಬಳಸುವವರು ‘ವಿಪ್ಪರ್’ ನೋಡಿ. ಹೆಸರುಗಳು ಬೇರೆಯಾದರೂ ಮುಂದೆ ಹೇಳುವ ವಿಷಯ ಒಂದೇ. ಡ್ರೈವ್ ಇಲ್ಲದವರು ಯು.ಎಸ್.ಬಿ.ಗೆ ಹಾಕುವ ತೆಳು ಡಿ.ವಿ.ಡಿ. ಡ್ರೈವ್ ಕೊಂಡರೆ ಸಾಕು. ಅದನ್ನು ಹಬ್ಬಿಗೆ ಸಿಕ್ಕಿಸದೆ ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ, ಇಲ್ಲದಿದ್ದರೆ ವಿದ್ಯುತ್ ಸಾಲದೆ ತೊದಲುತ್ತದೆ. ಹಳೆಯ ಡೆಸ್ಕ್‌ಟಾಪಿನಿಂದ ಕಳಚಿದ ಡ್ರೈವ್ ಸಿಕ್ಕರೆ ಇನ್ನೂ ಒಳ್ಳೆಯದು.

ಇಎಸಿ ತೆರೆದು ಎಫ್10 ಒತ್ತಿ. ‘ಡ್ರೈವ್ ಆಪ್ಷನ್ಸ್’ ಎಂಬ ಕಿಟಕಿ ಬರುತ್ತದೆ. ನಮ್ಮ ಕೆಲಸದ ಮುಕ್ಕಾಲು ಪಾಲು ಇಲ್ಲಿಯೇ.

ಮೊದಲನೆಯದು ‘ಎಕ್ಸ್‌ಟ್ರಾಕ್ಷನ್ ಮೆಥಡ್’. ಇದರಲ್ಲಿ ‘ಸೆಕ್ಯೂರ್ ಮೋಡ್’ ಆರಿಸಿ. ಹೀಗೆ ಮಾಡಿದರೆ ಪ್ರತಿ ತುಂಡನ್ನೂ ಕನಿಷ್ಠ ಎರಡು ಸಲ ಓದಿಸಿ, ಎರಡೂ ಒಂದೇ ಆಗಿದೆಯೇ ಎಂದು ನೋಡುತ್ತದೆ. ವ್ಯತ್ಯಾಸ ಬಂದರೆ ಹದಿನಾರು ಸಲ ಮತ್ತೆ ಓದಿಸಿ, ಅದರಲ್ಲಿ ಎಂಟು ಸಲ ಒಂದೇ ಉತ್ತರ ಬಂದರೆ ಒಪ್ಪಿಕೊಳ್ಳುತ್ತದೆ. ಆಗಲೂ ಒಪ್ಪದಿದ್ದರೆ ಇನ್ನೊಂದು ಹದಿನಾರು. ಹೀಗೆ ಒಂದೇ ತುಂಡನ್ನು ಎಂಬತ್ತಕ್ಕೂ ಹೆಚ್ಚು ಸಲ ಓದಿಸುವ ಹಟ ಅದಕ್ಕಿದೆ. ಅದಕ್ಕಾಗಿ ‘ಎರರ್ ರಿಕವರಿ ಕ್ವಾಲಿಟಿ’ಯನ್ನು ‘ಹೈ’ ಇಡಬೇಕು. ‘ಬರ್ಸ್ಟ್ ಮೋಡ್’ ಎಂಬುದೂ ಅಲ್ಲೇ ಕಾಣುತ್ತದೆ. ಅದು ಒಂದೇ ಓಟದಲ್ಲಿ ಓದಿ ಮುಗಿಸುವ ವಿಧಾನ. ವೇಗ ನೋಡಿ ಮರುಳಾಗಬೇಡಿ.

ಸೆಕ್ಯೂರ್ ಮೋಡ್ ಕೆಳಗೆ ಮೂರು ಚೌಕಗಳಿವೆ. ನಮ್ಮ ಓದುಗನ ಗುಣಾವಗುಣ ಇಎಸಿಗೆ ತಿಳಿಸುವುದು ಇವುಗಳ ಮೂಲಕವೇ. ‘ಆಕ್ಯುರೇಟ್ ಸ್ಟ್ರೀಮ್’ ಅಂದರೆ, ಓದುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಡ್ರೈವ್ ಬಿಟ್ಟ ಜಾಗಕ್ಕೇ ಸರಿಯಾಗಿ ಬರುತ್ತದೆಯೇ ಎಂಬುದು. ಈ ಕಾಲದ ಡ್ರೈವ್‌ಗಳು ಬರುತ್ತವೆ, ಗುರುತು ಹಾಕಿ. ಎರಡನೆಯದು ‘ಕ್ಯಾಶ್’. ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ. ಡ್ರೈವ್‌ನೊಳಗಿನ ಸಣ್ಣ ನೆನಪಿನ ಜಾಗ. ಇದು ಬಹಳ ಮುಖ್ಯ, ಕೇಳಿ. ಓದುವವನಿಗೆ “ಆ ಸಾಲು ಇನ್ನೊಮ್ಮೆ ಓದಪ್ಪ” ಎಂದಾಗ ಆತ ಓಲೆ ನೋಡದೆ, ಹಿಂದೆ ಹೇಳಿದ್ದನ್ನೇ ಬಾಯಿಪಾಠ ಒಪ್ಪಿಸಿದರೆ ಎರಡನೇ ಓದಿಗೆ ಏನು ಬೆಲೆ? ಎರಡೂ ಒಂದೇ ಇರುತ್ತವೆ, ಎರಡೂ ತಪ್ಪಿರಬಹುದು. ಕ್ಯಾಶ್ ಇರುವ ಡ್ರೈವ್ ಮಾಡುವುದು ಇದನ್ನೇ. ಆ ಚೌಕಕ್ಕೆ ಗುರುತು ಹಾಕಿದರೆ ಇಎಸಿ ನಡುವೆ ಬೇರೇನನ್ನೋ ಓದಿಸಿ, ಹಳೆಯ ನೆನಪನ್ನು ಅಳಿಸಿ, ಆಮೇಲೆ ಮತ್ತೆ ಸಿ.ಡಿ.ಯನ್ನೇ ಓದಿಸುತ್ತದೆ. ನಿಮ್ಮ ಡ್ರೈವ್‌ಗೆ ಕ್ಯಾಶ್ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ‘ಇದೆ’ ಎಂದೇ ಇಡಿ. ಕೆಲಸ ನಿಧಾನವಾಗುತ್ತದೆ, ಕೆಡುವುದಿಲ್ಲ.

ಮೂರನೆಯದು ‘ಸಿ2 ಎರರ್’ ಮಾಹಿತಿ. “ಇಲ್ಲಿ ತಿದ್ದಲು ಆಗಲಿಲ್ಲ” ಎಂದು ಡ್ರೈವ್ ತಾನೇ ಬಾಯಿಬಿಟ್ಟು ಹೇಳುವ ಸೌಲಭ್ಯ. ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಗುರುತು ಹಾಕಿದರೆ ಇಎಸಿ ಎರಡು ಸಲ ಓದಿಸುವುದನ್ನು ಬಿಟ್ಟು ಡ್ರೈವ್ ಮಾತನ್ನೇ ನಂಬುತ್ತದೆ. ಎಲ್ಲ ಡ್ರೈವ್‌ಗಳೂ ಎಲ್ಲ ತಪ್ಪನ್ನೂ ಒಪ್ಪಿಕೊಳ್ಳುವುದಿಲ್ಲ. ಸಾಕ್ಷಿಯಿಲ್ಲದ ಸಿ.ಡಿ.ಗಳಿಗೆ ಇದನ್ನು ಖಾಲಿ ಬಿಡಿ ಎಂಬುದೇ ನನ್ನ ಸಲಹೆ. ‘ಡಿಟೆಕ್ಟ್ ರೀಡ್ ಫೀಚರ್ಸ್’ ಎಂಬ ಗುಂಡಿ ಒತ್ತಿದರೆ ಇವನ್ನೆಲ್ಲ ಇಎಸಿ ತಾನೇ ಪರೀಕ್ಷಿಸಿ ಹೇಳುತ್ತದೆ, ಗೀರಿಲ್ಲದ ಒಂದು ಸಿ.ಡಿ. ಹಾಕಿ ಒತ್ತಬೇಕು. ಸಿ2 ‘ಇದೆ’ ಎಂದು ಅದು ಹೇಳಿದರೂ ನಾನು ಮಾತ್ರ ಖಾಲಿಯೇ ಬಿಡುತ್ತೇನೆ.

ಇನ್ನು ‘ಆಫ್‌ಸೆಟ್’. ಕೇಳಿದವರಲ್ಲಿ ಹೆಚ್ಚಿನವರು ಗಾಬರಿಯಾಗುವುದು ಇಲ್ಲಿಯೇ, ವಿಷಯ ಮಾತ್ರ ಸುಲಭ. ಪ್ರತಿ ಮಾದರಿಯ ಡ್ರೈವ್ ಹಾಡನ್ನು ನಿಜವಾದ ಜಾಗಕ್ಕಿಂತ ಕೆಲವು ಸ್ಯಾಂಪಲ್ ಹಿಂದೆ ಅಥವಾ ಮುಂದೆ ಶುರು ಮಾಡುತ್ತದೆ. ಒಂದು ಮಾದರಿಯ ಡ್ರೈವ್‌ಗಳೆಲ್ಲ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ, ಮನೆಯ ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿರುವ ಹಾಗೆ. ಎಲ್‌ಜಿ, ಲೈಟ್‌ಆನ್‌ನ ಹಲವು ಡೆಸ್ಕ್‌ಟಾಪ್ ಡ್ರೈವ್‌ಗಳಿಗೆ ತಿದ್ದುಪಡಿ ಕೂಡು 6, ಹಳೆಯ ಪ್ಲೆಕ್ಸ್ಟರ್‌ಗಳಲ್ಲಿ ಹಲವಕ್ಕೆ ಕೂಡು 30. ಕೂಡು 667 ಬೇಕಾದವೂ ಇವೆ. ಅಂದಾಜಿನಲ್ಲಿ ತುಂಬಬೇಡಿ, ಡ್ರೈವ್‌ನ ಪೂರ್ತಿ ಮಾದರಿ ಸಂಖ್ಯೆ ನೋಡಿ ಆಕ್ಯುರೇಟ್‌ರಿಪ್‌ನ ಪಟ್ಟಿಯಲ್ಲಿ ಹುಡುಕಿ.

667 ಸ್ಯಾಂಪಲ್ ಎಂದರೆ ಒಂದು ಸೆಕೆಂಡಿನ ಅರವತ್ತಾರನೇ ಒಂದು ಭಾಗ. ನಿಮ್ಮ ಕಿವಿಗೂ ಗೊತ್ತಾಗದು, ನನ್ನ ಕಿವಿಗೂ ಗೊತ್ತಾಗದು. ಮತ್ತೆ ಯಾಕೆ ಇಷ್ಟು ತಲೆಬಿಸಿ ಎಂದರೆ, ಹೋಲಿಕೆಗಾಗಿ. ಎರಡು ನಕಲುಗಳಲ್ಲಿ ಒಂದು ಆರೇ ಸ್ಯಾಂಪಲ್ ಸರಿದಿದ್ದರೂ ಲೆಕ್ಕದ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆಗ ತಪ್ಪಿದ್ದು ಹಾಡೋ, ಬರೀ ಸರಿದಾಟವೋ ಎಂದು ಗೊತ್ತಾಗುವುದಿಲ್ಲ.

ಆಫ್‌ಸೆಟ್ ತಾನಾಗಿಯೇ ಗೊತ್ತಾಗುವ ದಾರಿಯೂ ಇದೆ. ಆಕ್ಯುರೇಟ್‌ರಿಪ್ ಭಂಡಾರದಲ್ಲಿ ಇರುವ ಸಿ.ಡಿ. ಹಾಕಿದರೆ ಇಎಸಿ ಹೋಲಿಸಿ ನೋಡಿ ನಿಮ್ಮ ಡ್ರೈವ್‌ನ ಸಂಖ್ಯೆ ಕಂಡುಹಿಡಿಯುತ್ತದೆ. ಇಂಥದ್ದಕ್ಕೆ ‘ಕೀ ಡಿಸ್ಕ್’ ಎಂದು ಹೆಸರು. ನಮ್ಮ ಕನ್ನಡದ ಸಿ.ಡಿ.ಗಳು ಇದಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ. ಮಗನ ಕಾಲೇಜು ದಿನಗಳ ಇಂಗ್ಲಿಷ್ ಹಾಡುಗಳ ಸಿ.ಡಿ.ಗಳು ಮೂಲೆಯಲ್ಲಿ ಬಿದ್ದಿದ್ದರೆ ತೆಗೆದು ಮೊದಲು ಅವನ್ನು ಹಾಕಿ. ಪುರಂದರದಾಸರ ಕೆಲಸಕ್ಕೆ ಮೈಕಲ್ ಜಾಕ್ಸನ್ ಬಂದು ಬಾಗಿಲು ತೆಗೆಯಲಿ, ತಪ್ಪೇನಿಲ್ಲ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ‘ಓದಲು ಕಷ್ಟವಾದಾಗ ವೇಗ ಇಳಿಸು’ ಎಂಬ ಆಯ್ಕೆಗೆ ಗುರುತು ಹಾಕಿ ಬಿಟ್ಟುಬಿಡಿ. ಎಫ್9 ಒತ್ತಿದರೆ ಬರುವ ಇನ್ನೊಂದು ಕಿಟಕಿಯಲ್ಲಿ ‘ನಾರ್ಮಲೈಸ್’ ಎಂಬುದು ಖಾಲಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಅದು ಧ್ವನಿಯ ಮಟ್ಟವನ್ನೇ ಬದಲಿಸುತ್ತದೆ. ಬದಲಿಸಿದ ಮೇಲೆ ಅದು ನಕಲಲ್ಲ.

ಇಳಿಸುವಾಗ ಬರೀ ‘ಕಾಪಿ’ ಬೇಡ, ‘ಟೆಸ್ಟ್ ಅಂಡ್ ಕಾಪಿ’ ಆರಿಸಿ. ಇಡೀ ಟ್ರ್ಯಾಕನ್ನು ಎರಡು ಸಲ ಓದಿ, ಎರಡಕ್ಕೂ ‘ಸಿಆರ್‌ಸಿ’ ಎಂಬ ಎಂಟು ಅಕ್ಷರದ ಸಂಖ್ಯೆ ಕೊಡುತ್ತದೆ. ಎರಡೂ ಒಂದೇ ಇರಬೇಕು. ಕೊನೆಗೆ ಒಂದು ವರದಿ ಬರುತ್ತದೆ, ಅದನ್ನು ‘ಲಾಗ್’ ಎನ್ನುತ್ತಾರೆ. ಅದನ್ನು ಹಾಡಿನ ಜೊತೆಯಲ್ಲೇ ಇಡಿ. ಯಾವ ಡ್ರೈವ್, ಯಾವ ಸೆಟ್ಟಿಂಗ್, ಎಷ್ಟನೇ ನಿಮಿಷದಲ್ಲಿ ಓದಲು ಕಷ್ಟವಾಯಿತು ಎಲ್ಲ ಅದರಲ್ಲಿ ಇರುತ್ತದೆ. ‘ಸಸ್ಪಿಶಿಯಸ್ ಪೊಸಿಷನ್’ ಎಂದು ಬಂದರೆ ಆ ಜಾಗವನ್ನು ಹೆಡ್‌ಫೋನ್ ಹಾಕಿ ಕೇಳಿ.

ಎರಡು ಸಿಆರ್‌ಸಿ ಒಂದೇ ಆದರೂ ಅದು ಒಬ್ಬನೇ ಓದುಗನ ಮಾತು. ಅದೇ ಡ್ರೈವ್ ಅದೇ ಗೀರಿನಲ್ಲಿ ಎರಡೂ ಸಲ ಒಂದೇ ರೀತಿ ಎಡವಬಹುದು. ಹಾಗಾಗಿ ಕೋಥ್ರೂಡಿನ ನಿಮ್ಮಲ್ಲಿರುವ ಸಿ.ಡಿ.ಯೇ ನಿಗಡಿಯ ನಿಮ್ಮ ಗೆಳತಿಯ ಮನೆಯಲ್ಲೂ ಇದ್ದರೆ, ಅವರಿಗೂ ಇಳಿಸಲು ಹೇಳಿ. ಡ್ರೈವ್ ಬೇರೆ, ಸಿ.ಡಿ. ಬೇರೆ, ಗೀರುಗಳು ಬೇರೆ. ಆಮೇಲೆ ಫೋನಿನಲ್ಲೇ ಒಂದೊಂದು ಟ್ರ್ಯಾಕಿನ ಸಿಆರ್‌ಸಿ ಓದಿ ಹೇಳಿಕೊಂಡರೆ ಸಾಕು. ಇಬ್ಬರೂ ಆಫ್‌ಸೆಟ್ ಸರಿಯಾಗಿ ಹಾಕಿರಬೇಕು ಮತ್ತು ಎಫ್9 ಕಿಟಕಿಯಲ್ಲಿ ‘ನಲ್ ಸ್ಯಾಂಪಲ್’ ಕುರಿತ ಚೌಕವನ್ನು ಇಬ್ಬರೂ ಒಂದೇ ರೀತಿ ಇಟ್ಟಿರಬೇಕು. ಸಂಖ್ಯೆಗಳು ಕೂಡಿ ಬಂದರೆ ನಿಶ್ಚಿಂತೆ. ಬಾರದಿದ್ದರೆ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಒಂದೇ ಹೊದಿಕೆಯ ಸಿ.ಡಿ.ಯನ್ನು ಕಂಪನಿ ಎರಡು ಸಲ ಅಚ್ಚು ಹಾಕಿಸಿದ್ದರೆ ಹಾಡು ಅದೇ ಆದರೂ ಕೆಲವು ಸ್ಯಾಂಪಲ್ ಸರಿದಿರುತ್ತದೆ. ಆಗ ಎಲ್ಲ ಟ್ರ್ಯಾಕುಗಳೂ ಬೇರೆ ಬೇರೆ ಬರುತ್ತವೆ. ಒಂದೇ ಟ್ರ್ಯಾಕ್ ಬೇರೆ ಬಂದರೆ ಮಾತ್ರ ಅಲ್ಲಿ ಯಾರದೋ ಸಿ.ಡಿ.ಗೆ ಪೆಟ್ಟಾಗಿದೆ ಎಂದುಕೊಳ್ಳಿ. ಇಬ್ಬರೂ ತಮ್ಮ ಫಲಿತಾಂಶವನ್ನು ಆಕ್ಯುರೇಟ್‌ರಿಪ್‌ಗೆ ಕಳಿಸಿದರೆ, ಮೂರನೆಯವರಿಗೆ “ನಮ್ಮಲ್ಲಿ ಇಲ್ಲ” ಎಂಬ ಉತ್ತರ ಬರುವುದು ತಪ್ಪುತ್ತದೆ. ನೀವು ಕೊಂಡ ಸಿ.ಡಿ. ನಿಮ್ಮ ಬಳಕೆಗೆ, ಅವರದು ಅವರಿಗೆ. ನಡುವೆ ಓಡಾಡುವುದು ಅಂಕಿ ಮಾತ್ರ.

ಉಳಿಸುವಾಗ ‘ಫ್ಲ್ಯಾಕ್’ ಎಂಬ ಬಗೆಯಲ್ಲಿ ಉಳಿಸಿ. ಗಾತ್ರ ಇಳಿಯುತ್ತದೆ, ಒಂದು ಬಿಂದುವೂ ಕಳೆಯುವುದಿಲ್ಲ. ಎಂಪಿ3ಯಲ್ಲಿ ಕಳೆಯುತ್ತದೆ, ಜೊತೆಗೆ ಪ್ರತಿ ಟ್ರ್ಯಾಕಿನ ತುದಿಯಲ್ಲಿ ಚೂರು ಮೌನವೂ ಸೇರಿಕೊಳ್ಳುತ್ತದೆ. ಭಾವಗೀತೆಗೆ ಇದರಿಂದ ಬಾಧೆಯಿಲ್ಲ. ಆದರೆ ಕಛೇರಿಯ ಧ್ವನಿಮುದ್ರಣದಲ್ಲಿ ವಿಲಂಬಿತ್ ಮುಗಿದು ದ್ರುತ್ ಹಿಡಿಯುವ ಜಾಗದಲ್ಲೇ ಟ್ರ್ಯಾಕ್ ಬದಲಾಗುವುದುಂಟು. ತಬಲಾ ನಿಂತಿರುವುದಿಲ್ಲ, ತಂಬೂರಿ ನಿಂತಿರುವುದಿಲ್ಲ, ನಡುವೆ ‘ಟಕ್’ ಎಂದು ಕಡಿದಂತಾದರೆ ರಾಗದ ಗುಂಗೇ ಹೋಗುತ್ತದೆ. ಮೊಬೈಲಿಗೋ ಕಾರಿಗೋ ಎಂಪಿ3 ಬೇಕಾದರೆ ಫ್ಲ್ಯಾಕ್‌ನಿಂದ ಆಮೇಲೆ ಮಾಡಿಕೊಳ್ಳಬಹುದು.

ಕೊನೆಗೆ ಸಿ.ಡಿ. ಒರೆಸುವ ಮಾತು. ಮೆತ್ತನೆಯ ಹತ್ತಿ ಬಟ್ಟೆ, ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ. ದುಂಡಗೆ ಒರೆಸಿದರೆ, ಹಾಡು ಸುರುಳಿಯಾಗಿ ಸಾಗುವ ದಾರಿಯ ಉದ್ದಕ್ಕೂ ಗೀರು ಬೀಳುತ್ತದೆ, ತಿದ್ದುವ ಏರ್ಪಾಡಿಗೆ ಅದನ್ನು ತಾಳುವುದು ಕಷ್ಟ. ಹೊಳೆಯುವ ಮೈಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಹೆಸರು ಅಚ್ಚಾದ ಮೈಯನ್ನು ಯಾರೂ ಗಮನಿಸುವುದಿಲ್ಲ. ಹಾಡು ಇರುವ ಪದರ ಇರುವುದು ಆ ಮೈಯ ಕೆಳಗೇ, ತೆಳುವಾದ ಬಣ್ಣದ ಹಿಂದೆ. ಬಾಲ್‌ಪೆನ್ನಿನಿಂದ ಅಲ್ಲಿ ಹೆಸರು ಬರೆಯಬೇಡಿ.

ಹಾಡಿನ ಹೆಸರು, ಗಾಯಕರು, ಸಾಹಿತ್ಯ ಯಾರದು ಎಂಬುದನ್ನು ಅಂತರಜಾಲದಿಂದ ತಾನೇ ತುಂಬುತ್ತದೆ ಎಂದು ಕಾಯಬೇಡಿ, ಕನ್ನಡದ ಸಿ.ಡಿ.ಗೆ ಬಂದರೂ ವಿಚಿತ್ರ ಕಾಗುಣಿತದಲ್ಲಿ ಬರುತ್ತದೆ. ಹೊದಿಕೆ ನೋಡಿ ಕನ್ನಡದಲ್ಲೇ ಟೈಪಿಸಿ. ನಿಮ್ಮಲ್ಲಿರುವ ಅಪರೂಪದ ಸಿ.ಡಿ.ಗೆ ಎರಡನೇ ಪ್ರತಿ ಬೇಕಿದ್ದರೆ ಅದರ ಹೆಸರು, ಕಂಪನಿ, ಬೆನ್ನಿನ ಮೇಲಿನ ಸಂಖ್ಯೆಯನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಾರ್ಯಕ್ರಮಕ್ಕೆ ಕಳಿಸಿ. ಪ್ರಸಾರದಲ್ಲಿ ಓದುತ್ತೇನೆ, ಅದೇ ಸಿ.ಡಿ. ಇರುವ ಇನ್ನೊಂದು ಮನೆ ಪಿಂಪರಿಯಲ್ಲೋ ಹಡಪ್ಸರದಲ್ಲೋ ಸಿಕ್ಕೀತು.